ಮೂರನೇ ಉಬ್ಬೆ

ಅಂಜಿನವ್ವನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಗುರುತಿನ ಬಟ್ಟೆ ಮನೆಯ ಟ್ರಂಕಿನೊಳಗೆ ಹೋಗಬಾರದು.

ಗುರುತು ಅಂದರೆ ಕೇರುಬೀಜದ ಕಪ್ಪು ರಸವನ್ನು ಸೂಜಿಮೊನೆಗೆ ಹಚ್ಚಿ ಬಟ್ಟೆಯ ಮೂಲೆಯಲ್ಲಿ ಹಾಕುವ ಚುಕ್ಕಿ, ಗೆರೆ. ಗಿರಾಕಿಗೊಂದು ಗುರುತು. ಬಟ್ಟೆ ಹರಿದು ಚಿಂದಿಯಾದರೂ ಅದು ಹೋಗುವುದಿಲ್ಲ. ಅಂಥ ಬಟ್ಟೆ ಹಗ್ಗದ ಮೇಲಿರಬೇಕು, ಇಲ್ಲವೇ ಗಂಟಿನಲ್ಲಿರಬೇಕು. ಮಡಿವಾಳರ ಮನೆಯ ಟ್ರಂಕನ್ನು ಯಾರು ಬೇಕಾದರೂ ತೆಗೆಸಿ ನೋಡುತ್ತಿದ್ದ ಕಾಲದಲ್ಲಿ ಅವಳು ಸೊಸೆಯಾಗಿ ಬಂದವಳು. ದೊಡ್ಡಮನೆಯವರ ಒಂದು ಪಂಚೆಗಾಗಿ ಅವಳ ಅತ್ತೆಯ ಟ್ರಂಕನ್ನು ಬೀದಿಯಲ್ಲಿ ಬೋರಲು ಹಾಕಿದ್ದರು. ಪಂಚೆ ಅವರದೇ ಹಿತ್ತಲಲ್ಲಿ ಸಿಕ್ಕಿತು. ಚೆಲ್ಲಿದ್ದನ್ನು ತುಂಬಿಕೊಡಲು ಯಾರೂ ಬರಲಿಲ್ಲ.

ಮೊಮ್ಮಗಳು ತನುಶ್ರೀಗೆ ಈ ಕಥೆ ಬಾಯಿಪಾಠವಾಗಿತ್ತು. ಆದರೂ ಆ ಬುಧವಾರ ಅವಳು ಕಟ್ಟಳೆ ಮುರಿದಳು.

ಆವರಗೆರೆಯ ಅಂಚಿನ ಆ ಮನೆಯಲ್ಲಿ ಐದು ಜನ. ಅಂಜಿನವ್ವನ ಮಗ ಮೈಲಪ್ಪ ದಾವಣಗೆರೆಯ ಬಡಾವಣೆಯೊಂದರಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುತ್ತಿದ್ದ. ಸೊಸೆ ದುರುಗಮ್ಮ ಮನೆಮನೆಗೆ ಹೋಗಿ ಬಟ್ಟೆ ತರುತ್ತಿದ್ದಳು. ಮೊಮ್ಮಗ ಸಿದ್ದೇಶ್ ಲಗೇಜ್ ಆಟೋ ಓಡಿಸುತ್ತಿದ್ದ. ತನುಶ್ರೀ ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಮನೆಗೆ ಅನ್ನ ಹಾಕುತ್ತಿದ್ದದ್ದು ಮುಖ್ಯವಾಗಿ ಒಂದು ಕಲ್ಯಾಣಮಂಟಪ. ಊಟದ ಮೇಜಿಗೆ ಹಾಸುವ ಉದ್ದನೆಯ ಬಿಳಿ ಬಟ್ಟೆಗಳನ್ನು ಪ್ರತಿ ಮದುವೆ ಮುಗಿದ ಮೇಲೆ ಇವರು ತಂದು, ಭಾನುವಾರ ಹರಿಹರದ ಹೊಳೆಯಲ್ಲಿ ಒಗೆದು ಕೊಡಬೇಕು. ಸಾರು, ಅರಿಶಿನ, ಎಲೆಅಡಿಕೆ, ಯಾವ ಡಾಗೂ ಇರಕೂಡದು. ಎರಡು ಚುಕ್ಕಿ, ಒಂದು ಅಡ್ಡಗೆರೆ: ಅದು ಮಂಟಪದ ಗುರುತು.

ಶಿವರಾತ್ರಿ ಕಳೆದ ಮೊದಲ ಭಾನುವಾರ ಸಿದ್ದೇಶನ ಆಟೋದಲ್ಲಿ ಗಂಟುಗಳ ಮೇಲೆ ಕೂತು ಅಜ್ಜಿ, ಮೊಮ್ಮಗಳು ಹರಿಹರಕ್ಕೆ ಹೋದರು. ತನುಶ್ರೀಯ ಕೈಯಲ್ಲೂ ಒಂದು ಬಟ್ಟೆಯಿತ್ತು. ಒಂದು ತುದಿ ಹರಿದಿದ್ದ ಮಂಟಪದ ಬಟ್ಟೆ. 'ಒರೆಸೋಕೆ ಇಟ್ಕೊಳ್ರಿ' ಎಂದು ಮ್ಯಾನೇಜರ್ ಕಾಂತರಾಜ್ ಅವಳಿಗೇ ಕೊಟ್ಟಿದ್ದ. ಅವಳು ಅದರ ಒಂದು ಗೇಣಿನಷ್ಟನ್ನು ಮಾತ್ರ ನೀರಿಗೆ ಬಿಟ್ಟು, ಮೇಲೆ ಕಲ್ಲು ಹೇರಿ, ಪಕ್ಕದಲ್ಲಿ ಕೂತಳು. ಒಗೆದು ಮುಗಿಯುವವರೆಗೆ ಅದು ನೀರಲ್ಲಿತ್ತು. ಒಣಗಿದಾಗ ಬಟ್ಟೆಯ ಮೇಲೆ ಮಾಸಲು ಕಂದು ಪಟ್ಟಿಯೊಂದು ಬಿದ್ದಿತ್ತು.

"ಎಲ್ರೂ ಡಾಗು ತೆಗೆಯಾಕೆ ಹೊಳಿಗೆ ಬರ್ತಾರೆ, ನಮ್ಮ ತನು ಡಾಗು ಹಚ್ಚಾಕೆ ಬರ್ತಾಳೆ ನೋಡಜ್ಜಿ," ಸಿದ್ದೇಶ್ ನಕ್ಕ.

"ನೀ ಸುಮ್ನೆ ಗಂಟು ಇಳ್ಸು," ತನುಶ್ರೀ ಅಂದಳು.

ಅಂಜಿನವ್ವ ಸೊಂಟ ಹಿಡಿದುಕೊಂಡೇ ಬಗ್ಗಿ ನೋಡಿದಳು. "ಇದೇನೇ ಇದು? ಚಿತ್ರ ಅಂದ್ರೆ ಗಿಡ ಬರಿ, ಎತ್ತು ಬರಿ, ಗಣಪ್ಪನ್ನ ಬರಿ. ಹೊಲಸು ನೀರಿನ ಪಟ್ಟಿ ಚಿತ್ರ ಹೆಂಗೆ ಆಗ್ತೈತೆ?"

"ಗಿಡ ಬರೆದ್ರೆ ಎಲ್ಲಾರೂ ಗಿಡಾನೇ ನೋಡ್ತಾರೆ ಅಜ್ಜಿ. ನಂಗೆ ನೀರು ತೋರಿಸ್ಬೇಕು. ಹತ್ತು ಭಾನುವಾರ ಹತ್ತು ಪಟ್ಟಿ. ಉಳಿದ ಅರ್ಧ ಬಟ್ಟೇಲಿ, ಇನ್ನು ಐವತ್ತು ವರ್ಷಕ್ಕೆ ಈ ಹೊಳೆ ಹೆಂಗಿರ್ತೈತೆ ಅಂತ ಬರೀಬೇಕು."

"ಐವತ್ತು ವರ್ಷಕ್ಕೆ ನಾ ಇರಲ್ಲ ಬಿಡು."

"ನಾ ಇರ್ತೀನಲ್ಲ."

ಅಂಜಿನವ್ವ ಮತ್ತೊಂದು ಬಟ್ಟೆಯನ್ನು ಕಲ್ಲಿಗೆ ಬಡಿದಳು.

ಯುಗಾದಿ ಹೊತ್ತಿಗೆ ಹೊಳೆ ಸೇತುವೆಯ ಎರಡು ಕಂಬಗಳ ನಡುವೆ ಸೇರಿಕೊಂಡಿತು. ಬಟ್ಟೆಯ ಮೇಲೆ ಕಂದು ಹೋಗಿ ಪಾಚಿಯ ಹಸಿರು ಬಂತು. ಐದನೇ ಭಾನುವಾರ ಹಳದಿ ಬಂತು. ಮೇಲ್ಗಡೆ ಹೊಸದಾಗಿ ಎದ್ದಿದ್ದ, ನೂಲಿಗೆ ಬಣ್ಣ ಹಾಕುವ ಶೆಡ್ಡುಗಳ ಮೋರಿಯನ್ನು ಹೊಳೆಗೇ ಬಿಟ್ಟಿದ್ದರು. ಹೊಳೆ ತುಂಬಿದ್ದಾಗ ಯಾರ ಕಣ್ಣಿಗೂ ಬೀಳದಿದ್ದದ್ದು ಈಗ ನೊರೆಯಾಗಿ ದಂಡೆಗೆ ಹತ್ತಿಕೊಂಡಿತ್ತು. ಒಗೆಯುವ ಹೆಂಗಸರ ಕೈ ಕೆರೆಯತೊಡಗಿತು. ಅದೇ ನೀರಲ್ಲಿ ಮಂಟಪದ ಬಟ್ಟೆಗಳನ್ನೂ ಒಗೆದರು. ಬೇರೆ ನೀರು ಎಲ್ಲಿತ್ತು? ಆವರಗೆರೆಯ ನಲ್ಲಿ ಎಂಟು ದಿನಕ್ಕೊಮ್ಮೆ ಕೆಮ್ಮುತ್ತಿತ್ತು.

ಮೈಲಪ್ಪ ಒಂದು ದಿನದ ಇಸ್ತ್ರಿ ಬಿಟ್ಟು, ಆ ಮೋರಿಯ ಮೇಲೆ ದೂರು ಕೊಡಲು ಕಚೇರಿಯೊಂದಕ್ಕೆ ಹೋಗಿ ಬಂದ. ಊಟಕ್ಕೆ ಕೂತಾಗ ದುರುಗಮ್ಮ ಕೇಳಿದಳು:

"ಏನಂದ್ರು?"

"ಹೊಳ್ಯಾಗೆ ಬಟ್ಟೆ ಒಗೆಯೋದೇ ತಪ್ಪಂತೆ. ನೀರು ಹೊಲಸು ಮಾಡೋರು ನಾವಂತೆ. ಇನ್ನೊಂದ್ಸಲ ಬಂದ್ರೆ ನಮಗೇ ನೋಟಿಸು ಕೊಡ್ತಾರಂತೆ." ಅವನು ಮುದ್ದೆ ಮುರಿದು ಸಾರಲ್ಲಿ ಅದ್ದಿದ. "ಸಾರಿಗೆ ಉಪ್ಪಿಲ್ಲ."

"ಹಾಕೀನಿ."

"ಹಾಕಿದ್ರೆ ಎಲ್ಲಿ ಹೋತು?"

"ನಿಮ್ಮ ನಾಲಿಗೆ ಕಚೇರ್ಯಾಗೆ ಬಿಟ್ಟು ಬಂದೀರಿ, ಅದಕ್ಕೆ."

ಸಿದ್ದೇಶ್ ನಕ್ಕ. ಮೈಲಪ್ಪ ನಗಲಿಲ್ಲ. ಅವನ ಕಣ್ಣು ಹಗ್ಗದ ಮೇಲೆ ಒಣಗುತ್ತಿದ್ದ ಮಗಳ ಬಟ್ಟೆಯ ಮೇಲೆ ಬಿತ್ತು. ಐದು ಪಟ್ಟಿ ಸಾಲಾಗಿದ್ದವು. ಐದನೆಯದು ದೂರದಿಂದಲೇ ಕಾಣುತ್ತಿತ್ತು.

"ಇದನ್ನ ಒಳಗಿಡು ತಾಯಿ. ಗಿರಾಕಿ ಯಾರಾದ್ರೂ ಬಂದು ನೋಡಿದ್ರೆ ಮೈಲಪ್ಪನ ಮನ್ಯಾಗೆ ಹಿಂಗೆ ಒಗೀತಾರೆ ಅಂತ ತಿಳ್ಕಂತಾರೆ."

"ಅಪ್ಪಾಜಿ, ಅದು ಪರೀಕ್ಷೆದು."

"ಗೊತ್ತೈತೆ. ನಮ್ಮ ಹೊಟ್ಟೆ ಮ್ಯಾಲೆ ಕಲ್ಲು ಹಾಕಿದ ಡಾಗನ್ನ ನೀನು ಫ್ರೇಮು ಹಾಕಿ ತೂಗು ಬಿಡ್ತೀಯ. ಅದಕ್ಕೆ ನಂಬರು ಬೇರೆ ಕೊಡ್ತಾರೆ." ಅವನು ಕೈ ತೊಳೆಯಲು ಎದ್ದ. "ನೋಡು, ಇದೊಂದು ವರ್ಷ. ಪಾಸಾದ್ರೆ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕು, ನಾನೇ ಕರ್ಕಂಡು ಹೋಗ್ತೀನಿ. ಫೇಲಾದ್ರೆ ಜೂನಿಂದ ಸೀರೆ ಅಂಗಡಿ. ಮಾತಾಡೀನಿ. ಮತ್ತೊಂದು ವರ್ಷ ನನ್ನ ಕೈಲಿ ಆಗಲ್ಲ."

ಅವನು ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ತನುಶ್ರೀ ಜಗಳವಾಡುತ್ತಿದ್ದಳು.

ಕಾಲೇಜಿನಲ್ಲಿ ಸುಷ್ಮಾ ಮೇಡಂ ಬಟ್ಟೆಯನ್ನು ನೆಲದ ಮೇಲೆ ಹಾಸಿಸಿ ಸುತ್ತಲೂ ನಡೆದರು. ಆಗ ಎಂಟು ಪಟ್ಟಿಯಾಗಿದ್ದವು; ಐದನೆಯದರಷ್ಟು ಗಾಢವಾಗಿ ಹಳದಿ ಮತ್ತೆ ಹತ್ತಿರಲಿಲ್ಲ. ಉಳಿದರ್ಧ ಬೆಳ್ಳಗಿತ್ತು.

"ಇಲ್ಲಿತನಕ ಚೆನ್ನಾಗಿದೆ ತನುಶ್ರೀ. ಆದ್ರೆ ಇದು ಈವರೆಗೆ ಆಗಿದ್ದು. ಎಗ್ಸಿಬಿಷನ್ ವಿಷಯ ಮುಂದೆ ಏನು ಅನ್ನೋದು. ಬಿಳಿ ಭಾಗದಲ್ಲಿ ಏನ್ ಮಾಡ್ತೀಯ?"

"ಗೊತ್ತಾಗ್ತಿಲ್ಲ ಮೇಡಂ. ಬ್ರಷ್ ಹಿಡಿದ್ರೆ ಸುಳ್ಳು ಅನಿಸ್ತದೆ."

"ಸುಳ್ಳು ಅನಿಸಿದ್ರೆ ಮಾಡ್ಬೇಡ. ಆದ್ರೆ ಖಾಲಿ ಬಿಟ್ರೆ ಎಕ್ಸ್‌ಟರ್ನಲ್ ಎಕ್ಸಾಮಿನರ್ ಅಪೂರ್ಣ ಅಂತ ಬರೀತಾರೆ. ಸೋಮವಾರ, ಹದಿಮೂರನೇ ತಾರೀಕು ಅವರು ಬರ್ತಾರೆ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ."

ಹತ್ತನೇ ಭಾನುವಾರ ಹೊಳೆಯಲ್ಲಿ ಅದ್ದಲು ನೀರಿರಲಿಲ್ಲ. ಬಂಡೆಯ ಹೊಂಡದಲ್ಲಿ ಉಳಿದಿದ್ದ ನೀರಿಗೆ ಅಂಜಿನವ್ವ ಕಾಲಿಟ್ಟು ನೋಡಿ ತೆಗೆದಳು. ಒಗೆಯಲು ತಂದ ಗಂಟುಗಳನ್ನು ಬಿಚ್ಚದೆ ಮತ್ತೆ ಆಟೋಗೆ ಹಾಕಿಸಿದಳು. ಒಂಬತ್ತಕ್ಕೇ ಪಟ್ಟಿಗಳು ನಿಂತವು. ಬರುವಾಗ ಸಿದ್ದೇಶ್ ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿದ. ಮೂವರೂ ತಿಂದರು. 

ಮಂಗಳವಾರ ಬೆಳಿಗ್ಗೆ ಕಾಂತರಾಜ್ ತಾನೇ ಬಂದ. ಅವನ ಹಿಂದೆ ಕಳೆದ ಮೂರು ಮದುವೆಯ ಬಟ್ಟೆಗಳು ಗಂಟುಗಂಟಾಗಿ ಇಳಿದವು.

"ಕೂಡ್ರಿ ಸಾಹುಕಾರ್ರೇ, ಚಾ ಕುಡಿರಿ," ದುರುಗಮ್ಮ ಅಂದಳು.

"ಚಾ ಬ್ಯಾಡಮ್ಮ." ಅವನು ಒಂದು ಬಟ್ಟೆ ಬಿಚ್ಚಿ ಬಿಸಿಲಿಗೆ ಹಿಡಿದ. ಮಾಸಲು ಹಳದಿ. "ಬೀಗರು ಕೇಳಿದ್ರು, ಮೊದಲನೇ ಪಂಕ್ತಿನಾ ಎರಡನೇ ಪಂಕ್ತಿನಾ ಅಂತ. ಯಾರೋ ಉಂಡು ಎದ್ದ ಮೇಜಿನ ಮ್ಯಾಲೆ ನಮಗೆ ಎಲೆ ಹಾಕ್ಯಾರೆ ಅಂತ ಗಲಾಟೆ. ಅಜ್ಜಿ, ನಿನ್ನ ಮುಖ ನೋಡಿ ಇಷ್ಟು ದಿನ ಸುಮ್ನಿದ್ದೆ."

"ನೀರು ಸರಿ ಇಲ್ಲಪ್ಪಾ."

"ನೀರಿನ ಕಥೆ ಬೀಗರಿಗೆ ಹೇಳಾಕ್ ಆಗ್ತೈತಾ? ಭಾನುವಾರ ದೊಡ್ಡ ಮದುವಿ. ಬೆಳ್ಳಗೆ ಮಾಡಿ ಕೊಟ್ರೆ ಸರಿ. ಇಲ್ಲಾಂದ್ರೆ ಬೈಪಾಸ್ ಹತ್ರ ಮಷೀನ್ ಲಾಂಡ್ರಿ ಬಂದೈತೆ. ನನ್ ಮ್ಯಾಲೆ ಬೇಜಾರ್ ಮಾಡ್ಕಬ್ಯಾಡ್ರಿ."

ಅವನು ಹೋದ ಮೇಲೆ ಅಂಜಿನವ್ವ ಹಿತ್ತಲಿಗೆ ಹೋಗಿ, ಮೂಲೆಯಲ್ಲಿ ಬೋರಲು ಬಿದ್ದಿದ್ದ ಹಂಡೆಯನ್ನು ಉರುಳಿಸಿಕೊಂಡು ಬಂದಳು. ಸೋಡಾ, ಚೌಳುಮಣ್ಣು ಕಲಸಿದ ನೀರಲ್ಲಿ ಬಟ್ಟೆಯನ್ನು ಅದ್ದಿ, ಹಂಡೆಯೊಳಗೆ ಸುತ್ತಿ ಸುತ್ತಿ ಇಟ್ಟು ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಅನ್ನುತ್ತಾರೆ. ನಾಲ್ಕು ವರ್ಷದಿಂದ ಅವಳು ಉಬ್ಬೆ ಹಾಕಿರಲಿಲ್ಲ. ಬಾಣಂತಿಯ ರಕ್ತ, ಗಾಡಿಯ ಕೀಲೆಣ್ಣೆ, ಬಾಳೆಕಾಯಿಯ ಕರೆ, ಎಲ್ಲವನ್ನೂ ಆ ಹಂಡೆಯಲ್ಲಿ ತೆಗೆದವಳು ಅವಳು.

"ಟ್ಯಾಂಕರ್ ಹೇಳು," ಮಗನಿಗೆ ಅಂದಳು.

"ಅವ್ವ, ಈ ವಯಸ್ಸಿನಾಗೆ ಬೆಂಕಿ ಮುಂದೆ..."

"ಟ್ಯಾಂಕರ್ ಹೇಳು ಅಂದೆ."

ಬುಧವಾರ ತನುಶ್ರೀ ಎರಡು ದಿನಕ್ಕೆಂದು ಕಾಲೇಜಿಗೆ ಹೊರಟಳು. ಹಾಲ್ ಸಜ್ಜು ಮಾಡಬೇಕಿತ್ತು. ರಾತ್ರಿ ಗೆಳತಿ ಯಾಸ್ಮೀನಳ ಮನೆಯಲ್ಲಿ ಉಳಿಯುವುದಿತ್ತು. ಹಿತ್ತಲ ತುಂಬ ಮಂಟಪದ ಬಟ್ಟೆ ಹರಡಿದ್ದನ್ನು ಕಂಡು, ತನ್ನ ಬಟ್ಟೆ ಅದರಲ್ಲಿ ಬೆರೆತೀತೆಂದು ಹೆದರಿದಳು. ಮಡಚಿ ಮನೆಯ ಟ್ರಂಕಿನಲ್ಲಿ, ಅವ್ವನ ಸೀರೆಗಳ ಕೆಳಗೆ ಇಟ್ಟಳು. ಅದಕ್ಕಿಂತ ಭದ್ರವಾದ ಜಾಗ ಆ ಮನೆಯಲ್ಲಿ ಬೇರೆ ಇರಲಿಲ್ಲ.

ಹತ್ತು ಗಂಟೆಗೆ ಅಂಜಿನವ್ವ ಮಸಿಬಟ್ಟೆಗೆಂದು ಟ್ರಂಕು ತೆಗೆದಳು. ಹಳೇ ಸೀರೆ ಎಳೆದಾಗ ಜೊತೆಗೆ ಬಿಳಿ ಬಟ್ಟೆಯ ತುದಿ ಹೊರಬಂತು. ಪೊರೆ ಬಂದ ಕಣ್ಣಿನ ಹತ್ತಿರ ಮೂಲೆಯನ್ನು ಹಿಡಿದು ನೋಡಿದಳು. ಎರಡು ಚುಕ್ಕಿ, ಒಂದು ಅಡ್ಡಗೆರೆ.

ಅವಳು ಎದ್ದು ಮೊದಲು ಬೀದಿಬಾಗಿಲು ಹಾಕಿದಳು. ಆಮೇಲೆ ಬಟ್ಟೆಯನ್ನು ಸೆರಗಿನ ಕೆಳಗೆ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ, ಬಿಚ್ಚಿಯೂ ನೋಡದೆ, ಮಡಚಿದ್ದ ಹಾಗೇ ಉಬ್ಬೆಯ ನೀರಿಗೆ ಅದ್ದಿ ಹಂಡೆಯ ತಳಕ್ಕೆ ಇಟ್ಟಳು. ಯಾರ ತಪ್ಪೆಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಅದು ಬಾಯಿಂದ ಬಾಯಿಗೆ ಹೋಗುತ್ತದೆ. ಗಿರಾಕಿಯ ಬಟ್ಟೆ ತನ್ನ ಟ್ರಂಕಿನಲ್ಲಿತ್ತು ಅನ್ನುವುದನ್ನು ಅವಳು ಸೊಸೆಗೂ ಹೇಳಲು ಸಿದ್ಧಳಿರಲಿಲ್ಲ.

ಮೊದಲ ಉಬ್ಬೆಗೆ ಹಳದಿ ಹೋಗಲಿಲ್ಲ. ಸಂಜೆ ಎರಡನೆಯದು. ಗುರುವಾರ ಬೆಳಿಗ್ಗೆ ಮೂರನೆಯದು.

ಗುರುವಾರ ಸಂಜೆ ತನುಶ್ರೀ ಬಂದು ಟ್ರಂಕು ತೆಗೆದಳು.

"ಅವ್ವ, ನನ್ ಬಟ್ಟೆ?"

"ಯಾವ್ದು? ನಾ ಮುಟ್ಟಿಲ್ಲ," ಒಲೆಯ ಮುಂದಿದ್ದ ದುರುಗಮ್ಮ ಅಂದಳು.

ತನುಶ್ರೀ ಹಿತ್ತಲಿಗೆ ಓಡಿದಳು. ಸಾಲು ಸಾಲು ಹಗ್ಗದ ಮೇಲೆ ಬಟ್ಟೆಗಳಿದ್ದವು. ಒಂದರ ತುದಿ ಹರಿದಿತ್ತು. ಕಂದು ಇರಲಿಲ್ಲ. ಹಸಿರು ಇರಲಿಲ್ಲ. ಅವಳು ಅದನ್ನು ಹಿಡಿದುಕೊಂಡು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

"ಅಜ್ಜಿ, ಏನ್ ಮಾಡ್ದೆ ಅಜ್ಜಿ? ಒಂಬತ್ತು ವಾರ... ಒಂಬತ್ತು ವಾರ ಅಜ್ಜಿ!"

ಅಂಜಿನವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ದನಿ ಏರಿತು. "ಗುರುತಿನ ಬಟ್ಟೆ ಟ್ರಂಕಿನಾಗೆ ಯಾಕ ಇಟ್ಟೆ? ಈ ಮನ್ಯಾಗೆ ಹುಟ್ಟಿದೋಳಲ್ಲೇನು ನೀನು? ಆ ಟ್ರಂಕು ಬೀದಿಗೆ ಬಿದ್ದಿದ್ದು ನಾ ನೋಡೀನಿ!"

"ಈಗ ಯಾರು ಬರ್ತಾರೆ ಟ್ರಂಕು ನೋಡಾಕೆ? ಯಾರು ಬರ್ತಾರೆ ಹೇಳು!"

"ಬರ್ತಾರೆ! ನಿಂಗೇನು ಗೊತ್ತು!"

"ಮ್ಯಾನೇಜರ್ ನಂಗೆ ಕೊಟ್ಟಿದ್ದು ಅದು, ಕೊಟ್ಟಿದ್ದು!"

"ಕೊಟ್ಮೇಲೆ ಗುರುತಿನ ಮ್ಯಾಲೆ ಗೆರೆ ಹೊಡಿಬೇಕಿತ್ತು. ಹೊಡಿಯದಿದ್ರೆ ಅದು ಅವರ್ದೇ."

ಮೈಲಪ್ಪ ಇಸ್ತ್ರಿ ಗಾಡಿ ತಳ್ಳಿಕೊಂಡು ಬಂದವನು ಬಾಗಿಲಲ್ಲೇ ನಿಂತ. ಮಗಳು ಅವನ ಕಡೆ ತಿರುಗಿದಳು. "ಸಂತೋಷ ಆತಾ ಅಪ್ಪಾಜಿ? ಡಾಗು ಹೋತು. ಸೀರೆ ಅಂಗಡಿಗೆ ಹೇಳಿಬಿಡಿ."

ಅವನು ಗಾಡಿಯ ಇದ್ದಿಲಿಗೆ ನೀರು ಹಾಕಿ ಆರಿಸಿದ. ಅವತ್ತು ದುರುಗಮ್ಮ ಐದು ತಟ್ಟೆ ಹಾಕಿ ಎರಡನ್ನು ವಾಪಸ್ ಎತ್ತಿಟ್ಟಳು. ಅಜ್ಜಿ, ಮೊಮ್ಮಗಳು ಉಣ್ಣಲಿಲ್ಲ.

ಶುಕ್ರವಾರ ಕಾಂತರಾಜ್ ಬಂದು ಬಟ್ಟೆಗಳನ್ನು ನೋಡಿದ. ಮೊದಲಿಗಿಂತ ತಿಳಿಯಾಗಿದ್ದವು. ಆದರೆ ಬೆಳ್ಳಗಾಗಿರಲಿಲ್ಲ. ಅವನು ಬೈಯಲಿಲ್ಲ. ಟ್ಯಾಂಕರಿನ ದುಡ್ಡು ಕೊಟ್ಟು, ಗಂಟುಗಳನ್ನು ತನ್ನ ಗಾಡಿಗೆ ಹಾಕಿಸಿಕೊಂಡ. "ಮೈಲಪ್ಪ, ಆ ಲಾಂಡ್ರ್ಯಾಗೆ ಇಸ್ತ್ರಿಗೆ ಆಳು ಬೇಕಂತೆ. ತಿಂಗಳ ಸಂಬಳ. ನಾ ಹೇಳ್ತೀನಿ," ಅಂದ.

"ಆತ್ರಿ," ಮೈಲಪ್ಪ ಅಂದ. ಅಷ್ಟಕ್ಕೇ ಮೂರು ತಲೆಮಾರಿನ ಒಂದು ಕೆಲಸ ಮುಗಿಯಿತು.

ಹಗ್ಗದ ಮೇಲೆ ಉಳಿದದ್ದು ತುದಿ ಹರಿದ ಬಟ್ಟೆ ಒಂದೇ. ಶನಿವಾರ ಬೆಳಿಗ್ಗೆ ಅಂಜಿನವ್ವ ಅದರ ಕೆಳಗೆ ಕೂತು, ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜುತ್ತಿದ್ದಳು. ತನುಶ್ರೀ ಚೊಂಬು ಹಿಡಿದು ಹೊರಗೆ ಬಂದವಳು ನಿಂತಳು. ಬಿಸಿಲು ಬಟ್ಟೆಯ ಹಿಂದಿನಿಂದ ಬರುತ್ತಿತ್ತು. ಒಂಬತ್ತು ಪಟ್ಟಿಗಳಲ್ಲಿ ಎಂಟು ಹೋಗಿದ್ದವು. ಐದನೆಯದು ಇತ್ತು. ಅಷ್ಟೇ ಅಲ್ಲ, ಮಡಚಿದ್ದ ಹಾಗೇ ಬೆಂದಿದ್ದರಿಂದ ಆ ಹಳದಿ ಮಡಿಕೆಯಿಂದ ಮಡಿಕೆಗೆ ಇಳಿದಿತ್ತು. ಅವಳು ಮುಟ್ಟದೆ ಬಿಟ್ಟಿದ್ದ ಬಿಳಿ ಅರ್ಧದ ಉದ್ದಕ್ಕೂ ಅದೇ ಪಟ್ಟಿ, ಮತ್ತೆ ಅದೇ ಪಟ್ಟಿ. ಅಂಚು ಕರಗಿ, ಅಗಲವಾಗುತ್ತಾ, ಕೊನೆಯಲ್ಲಿ ಪಟ್ಟಿಗಳ ನಡುವೆ ಬಿಳುಪೇ ಇರಲಿಲ್ಲ.

"ಬೆಳ್ಳಗಿದ್ದದ್ದೂ ಹೋತು," ಅಂಜಿನವ್ವ ತಲೆಯೆತ್ತದೆ ಹೇಳಿದಳು. "ಉಳಿದಿದ್ದೆಲ್ಲ ತೆಗ್ದೆ. ಇದೊಂದು ಹೋಗವಲ್ದು. ನನ್ನ ಜನ್ಮದಾಗೆ ಮೂರು ಉಬ್ಬೆಗೆ ಹೋಗದ ಡಾಗು ನಾ ನೋಡಿಲ್ಲ ಮಗಾ. ಇನ್ನೊಂದು ಹಾಕ್ತೀನಿ."

"ಬ್ಯಾಡ ಅಜ್ಜಿ."

"ನಿನ್ನ ಪಟ್ಟಿ ನಾ ವಾಪಸ್ ತರಾಕಾಗಲ್ಲ. ಬಟ್ಟೆನಾದ್ರೂ ಬೆಳ್ಳಗೆ ಮಾಡಿ ಕೊಡ್ತೀನಿ."

"ಬ್ಯಾಡ. ಹಂಗೇ ಬಿಡು. ಕೈ ತೆಗಿ, ಉಜ್ಜಬ್ಯಾಡ." ತನುಶ್ರೀ ಚೊಂಬು ಕೆಳಗಿಟ್ಟು ಅಜ್ಜಿಯ ಕೈ ಹಿಡಿದುಕೊಂಡಳು. ಬೆರಳ ಸಂದಿಯಲ್ಲಿ ಸೋಡಾಕ್ಕೆ ಚರ್ಮ ಸುಲಿದಿತ್ತು. "ಇದೇ ಅಜ್ಜಿ. ನಂಗೆ ಬರೆಯಾಕೆ ಆಗದೆ ಇದ್ದದ್ದು ಇದೇ."

"ಏನ್ ಹೇಳ್ತಿಯೋ ಏನೋ." ಅಂಜಿನವ್ವ ಕೈ ಬಿಡಿಸಿಕೊಂಡು ಬಟ್ಟೆಯ ಮೂಲೆ ಹುಡುಕಿದಳು. "ಇದನ್ನ ಕಾಲೇಜಿಗೆ ಒಯ್ಯೋಳೇನು ನೀನು?"

"ಹೂಂ."

"ಮಂಟಪದ ಗುರುತು ಇಟ್ಕಂಡು ಒಯ್ಯಬ್ಯಾಡ. ಸೂಜಿ ತಾ."

ಕೇರುಬೀಜವನ್ನು ಚುಚ್ಚಿ ರಸ ತೆಗೆದು, ಬಟ್ಟೆಯ ಮೂಲೆಯನ್ನು ಮೂಗಿನ ತನಕ ಎತ್ತಿ, ಅಂಜಿನವ್ವ ಹಳೆಯ ಗುರುತಿನ ಮೇಲೆ ಗೆರೆ ಹೊಡೆದಳು. ಮಾಲೀಕರು ಬದಲಾದ ಬಟ್ಟೆಗೆ ಮಾಡುವುದು ಹಾಗೆ. ಪಕ್ಕದಲ್ಲಿ ಹೊಸ ಗುರುತು ಹಾಕಬೇಕು. ಸೂಜಿ ನಿಂತಿತು.

"ನಮ್ಮನೆ ಗುರುತು ಯಾವ್ದಜ್ಜಿ?"

"ನಮಗೆಲ್ಲೈತೆ? ನಮ್ಮವಕ್ಕೆ ಯಾವತ್ತು ಹಾಕೀವಿ?" ಯೋಚಿಸಿ, ಒಂದೇ ಒಂದು ಚುಕ್ಕಿ ಇಟ್ಟಳು. ಒಂಟಿ ಚುಕ್ಕಿಯನ್ನು ಯಾವ ಗಿರಾಕಿಗೂ ಅವಳು ಕೊಟ್ಟಿರಲಿಲ್ಲ. ಒಣಗಿದ ಮೇಲೆ ಬಟ್ಟೆಯನ್ನು ತಾನೇ ಸುತ್ತಿ, ಸೋಮವಾರದವರೆಗೆ ಮನೆಯ ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದಳು.

ಸೋಮವಾರ ಮೈಲಪ್ಪ ಗಾಡಿ ತೆಗೆಯಲಿಲ್ಲ. ಮನೆಯ ಐವರೂ ಸಿದ್ದೇಶನ ಆಟೋದಲ್ಲಿ, ಈ ಸಲ ಗಂಟುಗಳಿಲ್ಲದೆ, ಹೋದರು. ಹಾಲಿನ ನಡುವೆ ಸೂರಿನಿಂದ ಬಟ್ಟೆ ಇಳಿಬಿದ್ದಿತ್ತು. ಅಕ್ಕಪಕ್ಕದಲ್ಲಿ ಬೇರೆ ಹುಡುಗರ ಕ್ಯಾನ್ವಾಸುಗಳಿದ್ದವು: ನೀಲಿ ಚೌಕ, ಬಿರುಕಿನ ವೃತ್ತ, ಕೆಂಪು. ಎಕ್ಸ್‌ಟರ್ನಲ್ ಆಗಿ ಬಂದವರು ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದರು.

"ಯಾವ ಡೈ ಇದು? ಅಂಗಡಿಯದ್ದಾ?"

"ಅಲ್ಲ ಸರ್. ಹೊಳೆದು."

"ಅರ್ಧ ಕೆಲಸ ನಿನ್ನದು ಅನಿಸಲ್ಲ."

"ಅಲ್ಲ ಸರ್," ತನುಶ್ರೀ ಅಂದಳು. "ಅರ್ಧ ನಮ್ಮಜ್ಜಿದು. ಹೆಸರು ಹಾಕೀನಿ ನೋಡಿ."

ಕೆಳಗಿನ ಚೀಟಿಯಲ್ಲಿ ಎರಡು ಹೆಸರಿದ್ದವು. ಅವರು ಚೀಟಿ ಓದಿ, ಹಾಳೆಯ ಮೇಲೆ ಅಂಕಿ ಬರೆದು ಸುಷ್ಮಾ ಮೇಡಂ ಕೈಗೆ ಕೊಟ್ಟರು. ಮೇಡಂ ಓದಿ, ದೂರದಿಂದಲೇ ತನುಶ್ರೀಗೆ ತಲೆ ಆಡಿಸಿದರು. ಪಾಸು. ದುರುಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸಿದ್ದೇಶ್, "ಟೀಚರಮ್ಮ, ನಮಸ್ಕಾರ," ಅಂದ. ಮೈಲಪ್ಪ ಮಾತ್ರ ಬಟ್ಟೆಯ ಸುಕ್ಕು ನೋಡುತ್ತಾ ನಿಂತಿದ್ದ. ನಾಳೆಯಿಂದ ಅವನು ಲಾಂಡ್ರಿಗೆ ಹೋಗಬೇಕು.

ಅಂಜಿನವ್ವ ಇದ್ದ ಜಾಗದಲ್ಲಿ ಇರಲಿಲ್ಲ. ಅವಳು ಬಟ್ಟೆಯ ಹಿಂಬದಿಗೆ ಹೋಗಿದ್ದಳು. ಒಗೆದ ಬಟ್ಟೆಯ ಡಾಗು ನಿಜವಾಗಿ ಹೋಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಹಿಂಬದಿ ನೋಡಬೇಕು. ಮುಂದೆ ಮರೆಯಾದದ್ದು ಅಲ್ಲಿ ಸಿಗುತ್ತದೆ. ಅಲ್ಲಿದ್ದ ಜನ ನೋಡುತ್ತಿದ್ದಂತೆ ಅವಳು ಬಟ್ಟೆಯ ಅಂಚನ್ನು ಎತ್ತಿ ಹಿಡಿದು, ಹಳದಿಯ ಮೇಲೆ ಹೆಬ್ಬೆರಳು ಒತ್ತಿ, ಉಗುರಿನಿಂದ ಒಮ್ಮೆ ಗೀರಿದಳು. ಗೊಣಗಿದಳು.

"ಅಜ್ಜಿ ಏನಂದ್ರು?" ಎಕ್ಸ್‌ಟರ್ನಲ್ ಕೇಳಿದರು.

ಮೈಲಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಹಿಂದಕ್ಕೂ ಇಳಿದೈತಂತೆ ಸರ್," ಅಂದ. "ಹೋಗಲ್ಲಂತೆ."